ಯಾರಿಗೂ ಗುಣವಾಗಬಾರದ ಗುರುವಾರ

ಲಿಂಡ್ವಿಕ್‌ನ ಜನಸಂಖ್ಯೆ ನಾನೂರ ಹನ್ನೆರಡು. ಅದರಲ್ಲಿ ಹೆಸರಿನ ಹಿಂದೋ ಮುಂದೋ ಒಂದು ಪದವಿ ಇಲ್ಲದ ಗಂಡಸೆಂದರೆ ವರ್ಲಿನ್ ಹಾಗ್ಡಾಲ್ ಒಬ್ಬನೇ. ಅಮೆರಿಕದ ಉತ್ತರದ ತುದಿ, ಕೆನಡಾ ಗಡಿಗೆ ಅರ್ಧ ಗಂಟೆ ದಾರಿ. ಗೋಧಿ, ಸಕ್ಕರೆ ತೆಗೆಯುವ ಬೀಟುಗೆಡ್ಡೆ ಬಿಟ್ಟರೆ ಬರೀ ಗಾಳಿ ಬೆಳೆಯುವ ಆ ಬಯಲಿನಲ್ಲಿ ಪದವಿಗಳಿಗೇನೂ ಬರವಿರಲಿಲ್ಲ. ಒಬ್ಬ ಮೇಯರ್, ಅವನ ತಮ್ಮ ಅಗ್ನಿಶಾಮಕ ದಳದ ಮುಖ್ಯಸ್ಥ, ಆ ತಮ್ಮನ ಭಾವ ಲುಥೆರನ್ ಚರ್ಚಿನ ಮಂಡಳಿಗೆ ಅಧ್ಯಕ್ಷ, ಏನೂ ದಕ್ಕದವನಿಗೆ ಮಂಜುಗಡ್ಡೆ ಕೊರೆದು ಮೀನು ಹಿಡಿಯುವವರ ಸಂಘದ ಕಾರ್ಯದರ್ಶಿಗಿರಿ. ವರ್ಲಿನ್ ಮಾತ್ರ ರೈಲು ಹಳಿಯ ಪಕ್ಕದ ಧಾನ್ಯದ ಗೋದಾಮಿನಲ್ಲಿ ಮೂವತ್ತೊಂಬತ್ತು ವರ್ಷ ಬೇರೆಯವರ ಲಾರಿ ತೂಗಿ ತೂಗಿ, ನಿವೃತ್ತನಾದ ದಿನವೂ ಬರೀ ವರ್ಲಿನ್ ಆಗಿಯೇ ಮನೆಗೆ ಬಂದಿದ್ದ.

ಅಂಥವನ ಕಿವಿಗೆ ಒಂದು ಗುರುವಾರ ಒಂದು ಮಾತು ಬಿತ್ತು. ಪ್ರತಿ ಗುರುವಾರ ಮಧ್ಯಾಹ್ನ ಅವನು ಊರಿನ ವೃದ್ಧರ ಆರೈಕೆ ಮನೆಗೆ ಹೋಗಿ ಅಕಾರ್ಡಿಯನ್ ನುಡಿಸುತ್ತಿದ್ದ. ಎದೆಗೆ ಕಟ್ಟಿಕೊಂಡು ತಿದಿ ಎಳೆಯುತ್ತ ನುಡಿಸುವ ಆ ವಾದ್ಯ ಅವರಪ್ಪನದು. ಅದರಲ್ಲಿ ಎರಡು ಸ್ವರದ ಮನೆ ಕೆಲಸ ಮಾಡುವುದಿಲ್ಲ, ಆ ಎರಡೂ ಮನೆ ಬರುವಾಗ ವರ್ಲಿನ್ ಕೆಮ್ಮುತ್ತಾನೆ. ಅಲ್ಲಿನ ಮೇಲ್ವಿಚಾರಕಿ ಲವೋನ್ ಅವತ್ತು ಕಣ್ಣೊರೆಸಿಕೊಂಡು, "ಇದು ಬರೀ ಸಂಗೀತ ಅಲ್ಲ ವರ್ಲಿನ್, ಇದು ಚಿಕಿತ್ಸೆ," ಎಂದುಬಿಟ್ಟಳು.

ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವರ್ಲಿನ್‌ನ ಅಣ್ಣ ನಾರ್ಬರ್ಟ್ ಅದೇ ಆರೈಕೆ ಮನೆಯಲ್ಲಿದ್ದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಎರಡು ವರ್ಷದ ಹಿಂದೆ ಮಾತು ಪೂರ್ತಿ ನಿಂತುಹೋಗಿತ್ತು. ನೀರು ಬೇಕು ಅನ್ನಲೂ ಬಾಯಿ ಬರದು. ಆದರೆ ವರ್ಲಿನ್ ಅಪ್ಪನ ಕಾಲದ ವಾಲ್ಟ್ಜ್ ಎಂಬ ಕುಣಿತದ ಧಾಟಿಯೊಂದನ್ನು ನುಡಿಸಿದ ಕೂಡಲೇ ಆ ಧಾಟಿಗೆ ನಾರ್ಬರ್ಟ್‌ನ ಬಾಯಿಂದ ಸ್ಪಷ್ಟ ಮಾತು ಹೊರಟಿತ್ತು. ಎರಡು ವರ್ಷದ ಮೌನ ಮುರಿದು ಅಣ್ಣ ಹಾಡಿದ ಮೊದಲ ವಾಕ್ಯ: "ಎಷ್ಟು ಸಲ ಹೇಳಬೇಕೋ ನಿನಗೆ, ಅಲ್ಲಿ ನಿಧಾನ ಮಾಡೋ ಕತ್ತೆ."

ಅಲ್ಲಿಂದ ಪ್ರತಿ ಗುರುವಾರ ನಾರ್ಬರ್ಟ್ ತಮ್ಮನನ್ನು ರಾಗವಾಗಿ ಬೈಯುತ್ತ ಬಂದ. ನುಡಿಸುವುದು ನಿಂತರೆ ಮಾತೂ ನಿಲ್ಲುತ್ತಿತ್ತು. ಆದ್ದರಿಂದ ವರ್ಲಿನ್ ಬೈಗುಳ ಪೂರ್ತಿ ಮುಗಿಯುವ ತನಕ ನಿಲ್ಲಿಸದೆ ನುಡಿಸುತ್ತಿದ್ದ. ಮನೆಗೆ ಬಂದು ಹೆಂಡತಿ ಆರ್ಡಿಸ್ ಹತ್ತಿರ, "ಇವತ್ತು ಅಣ್ಣ ಹದಿನೈದು ನಿಮಿಷ ಬೈದ," ಎಂದು ಬಹುಮಾನ ಬಂದವನ ಹಾಗೆ ಹೇಳುತ್ತಿದ್ದ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಮಾರನೆಯ ವಾರವೇ ಕಾರ್ಡ್ ಮಾಡಿಸಿದ: "ವರ್ಲಿನ್ ಹಾಗ್ಡಾಲ್, ಸಂಗೀತ ಚಿಕಿತ್ಸಕ." ಊರಿನ ಕೆಫೆಯ ಗೋಡೆಯಲ್ಲಿ, ಮಾರಾಟಕ್ಕಿದ್ದ ಟ್ರ್ಯಾಕ್ಟರು ಮತ್ತು ಚರ್ಚಿನ ಪ್ಯಾನ್‌ಕೇಕ್ ಉಪಾಹಾರದ ಚೀಟಿಗಳ ನಡುವೆ ಅದನ್ನು ಚುಚ್ಚಿದ. ಅದೂ ಸಾಲಲಿಲ್ಲ. ಆ ದೇಶದಲ್ಲಿ ಬಂಡಿಯ ನಂಬರ್ ಪ್ಲೇಟಿನ ಮೇಲೆ ನಂಬರಿನ ಬದಲು ತಮಗೆ ಬೇಕಾದ ಏಳು ಅಕ್ಷರ ಹಾಕಿಸಿಕೊಳ್ಳುವ ಒಂದು ಚಟ ಉಂಟು. ಪಕ್ಕದ ಮನೆಯ ಹಾರ್ಲನ್‌ನ ಬಂಡಿಯ ಮೇಲೆ "ಬೀಟು ರಾಜ" ಎಂದಿರುವಾಗ ತನ್ನ ಬಂಡಿ ಬರೀ ನಂಬರ್ ಹೊತ್ತು ಓಡುವುದೇ? ತನ್ನ ಹೊಸ ಪದವಿಯ ಅಕ್ಷರಗಳಿಗಾಗಿ ಅರ್ಜಿ ತರಿಸಿದ. "ಈ ಅಕ್ಷರಗಳ ಅರ್ಥ ವಿವರಿಸಿ" ಎಂಬ ಕಡೆ ಒಂದು ಸಾಲು ಜಾಗವಿತ್ತು. ವರ್ಲಿನ್ ಎರಡು ಪುಟ ಬೇರೆಯಾಗಿ ಬರೆದು ಲಗತ್ತಿಸಿದ. "ನಾನು ಈ ಜಿಲ್ಲೆಯ ಹಿರಿಯ ಸಂಗೀತ ಚಿಕಿತ್ಸಕ. ಮಾತು ಹೋದವರಿಗೆ ಮಾತು ತರಿಸಿದ್ದೇನೆ. ಈಸ್ಟರ್‌ನಿಂದ ನಡೆಯದಿದ್ದ ಆಗ್ನೆಸ್ ಅಜ್ಜಿಯನ್ನು ಎಬ್ಬಿಸಿ ಪೋಲ್ಕಾ ಕುಣಿಸಿದ್ದೇನೆ." ಕೆಳಗೆ ಸಹಿ, ತಾರೀಖು, ಜೊತೆಗೆ ಕಾರ್ಡು. ಕಳ್ಳ ತಾನೇ ಠಾಣೆಗೆ ಹೋಗಿ, ಕದ್ದ ಮಾಲಿನ ಪಟ್ಟಿಯನ್ನೂ ಕೊಟ್ಟು ಬಂದ ಹಾಗಾಯಿತು.

ಮೂರು ವಾರಕ್ಕೆ ಉತ್ತರ ಬಂತು. ನಂಬರ್ ಪ್ಲೇಟ್ ಬರಲಿಲ್ಲ. ವಾಹನ ಕಚೇರಿಯವರು ಅವನ ಎರಡು ಪುಟವನ್ನು ರಾಜಧಾನಿಯ ಲೈಸೆನ್ಸ್ ಮಂಡಳಿಗೆ ದಾಟಿಸಿದ್ದರು, ಅಲ್ಲಿಂದ ಐದು ಪುಟದ ಕಾಗದ ಬಂತು. ಈ ರಾಜ್ಯದಲ್ಲಿ ಸಂಗೀತ ಚಿಕಿತ್ಸಕ ಎಂದು ಕರೆದುಕೊಳ್ಳಬೇಕಾದರೆ ಕಾಲೇಜಿನ ಪದವಿ ಬೇಕು, ರೋಗಿಗಳ ನಡುವೆ ಸಾವಿರದ ಇನ್ನೂರು ಗಂಟೆ ತರಬೇತಿ ಬೇಕು, ಪರೀಕ್ಷೆ ಪಾಸಾಗಬೇಕು, ಕೊನೆಗೆ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಏನಿದೆ?

"ಅಕಾರ್ಡಿಯನ್ ಇದೆ ಅಂತ ಬರಿ," ಎಂದಳು ಆರ್ಡಿಸ್.

ವರ್ಲಿನ್ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಆ ಕಡೆ ಎತ್ತಿದವಳು ತನಿಖಾಧಿಕಾರಿ ಡೆನೀಸ್ ಗಲೂಚಿಯೊ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು. ಈ ಕಡೆಯವರು ವಾರಕ್ಕೆ ಆಡುವ ಮಾತನ್ನು ಅವಳು ಒಂದು ಕಾಫಿ ಮುಗಿಸುವಷ್ಟರಲ್ಲಿ ಆಡುತ್ತಿದ್ದಳು.

"ನೀವು ಸಂಗೀತ ಚಿಕಿತ್ಸಕರಾ, ಅಲ್ಲವಾ? ಒಂದೇ ಮಾತಲ್ಲಿ ಹೇಳಿ."

"ಅಂದ್ರೆ... ಜನ ಹಾಗಂತಾರೆ."

"ಯಾವ ಜನ?"

"ಕಾರ್ಡಲ್ಲೇ ಇದೆಯಲ್ಲ."

"ಕಾರ್ಡ್ ಮಾಡಿಸಿದ್ದು ಯಾರು?"

"ನಾನೇ."

"ನೋಡಿ ಸ್ವಾಮಿ, ನುಡಿಸೋಕೆ ಯಾರ ಅಡ್ಡಿಯೂ ಇಲ್ಲ. ನುಡಿಸಿ, ಜನ ಖುಷಿಪಡಲಿ, ಅದು ಮನರಂಜನೆ. ರೋಗಿಗೆ ಗುಣವಾಗಲಿ ಅಂತ ನುಡಿಸಿದ್ರೆ ಅದು ಚಿಕಿತ್ಸೆ. ಚಿಕಿತ್ಸೆಗೆ ಲೈಸೆನ್ಸ್ ಬೇಕು. ಅರ್ಥ ಆಯ್ತಾ?"

ವರ್ಲಿನ್ ಯೋಚಿಸಿದ. "ನಾನು ಸುಮ್ಮನೆ ನುಡಿಸ್ದೆ, ಅವರಿಗೆ ತಾನಾಗೇ ಗುಣ ಆಗ್ಬಿಡ್ತು ಅಂತಿಟ್ಕೊಳ್ಳಿ. ಆಗ?"

ಆ ಕಡೆ ಕಾಗದ ಮಗುಚುವ ಸದ್ದು ಬಂತು. "ಅದನ್ನ ನೋಡೋಕೇ ಮುಂದಿನ ಗುರುವಾರ ನಾನು ಬರ್ತಿದೀನಿ."

ಕಾನೂನು ಹೇಳಿದ್ದು ಒಂದು, ವರ್ಲಿನ್ ತಲೆಗೆ ಹೋಗಿದ್ದು ಇನ್ನೊಂದು. ಆರೈಕೆ ಮನೆಗೆ ಓಡಿಹೋಗಿ ಲವೋನ್‌ಗೆ ಅವನು ತಿಳಿಸಿದ್ದು ಇಷ್ಟು: "ಗುರುವಾರ ಸರ್ಕಾರದವರು ಬರ್ತಾರೆ. ನನ್ನ ಸಂಗೀತದಿಂದ ಯಾರಿಗಾದರೂ ಗುಣವಾಗಿದ್ದು ಕಂಡ್ರೆ ಮುಗೀತು, ಇನ್ನು ನನ್ನನ್ನ ಬಾಗಿಲೊಳಗೇ ಬಿಡಲ್ಲ."

ಲವೋನ್ ಗೋಡೆಯ ಮೇಲಿದ್ದ ಆರೈಕೆ ಮನೆಯ ಲೈಸೆನ್ಸನ್ನೊಮ್ಮೆ ನೋಡಿದಳು. ಬಳಿಕ ಕಳೆದ ತಿಂಗಳ ವಾರ್ತಾಪತ್ರದ ಪ್ರತಿಗಳನ್ನೆಲ್ಲ ಹುಡುಕಿ ಹುಡುಕಿ ಕಸದ ಡಬ್ಬಿಗೆ ಹಾಕಿದಳು. ಮುಖಪುಟದಲ್ಲಿ ಆಗ್ನೆಸ್ ಕುಣಿಯುತ್ತಿದ್ದ ಚಿತ್ರವಿತ್ತು.

ಬುಧವಾರ ಊಟದ ಕೋಣೆಯಲ್ಲಿ ಸಭೆ ಸೇರಿತು. ಆಲೂಗೆಡ್ಡೆಯ ಹಾಟ್‌ಡಿಶ್ ಬಡಿಸಿ ಎಲ್ಲರ ಬಾಯಿ ಕಟ್ಟಿದ ಮೇಲೆ ಲವೋನ್ ಎದ್ದು ನಿಂತಳು. "ನಾಳೆ ಎರಡರಿಂದ ಮೂರು ಗಂಟೆ ತನಕ ಈ ಮನೆಯಲ್ಲಿ ಯಾರೂ ಚೇತರಿಸಿಕೊಳ್ಳಬಾರದು. ಕಾಲಲ್ಲಿ ತಾಳ ಹಾಕಬಾರದು. ಕುಣಿಯೋ ಮಾತಂತೂ ದೂರ. ಆಗ್ನೆಸ್, ನಿಮಗೇ ಹೇಳ್ತಿರೋದು."

"ನಾನೆಲ್ಲಿ ಕುಣಿದೆ," ಎಂದಳು ಎಂಬತ್ತೇಳರ ಆಗ್ನೆಸ್. ಊರಿನ ಅಂಚೆಯನ್ನು ನಲವತ್ತು ವರ್ಷ ಆಳಿದವಳು. "ಕಾಲು ಜೋಮು ಹಿಡಿದಿತ್ತು, ಒದರಿದೆ ಅಷ್ಟೆ."

"ನಾಳೆ ಒದರಬೇಡಿ."

"ಸ್ವಲ್ಪ ಖುಷಿಯಾದ್ರೆ ಪರವಾಗಿಲ್ವಾ?" ಎಂದು ಕೇಳಿದ ಒಬ್ಬ ಮುದುಕ.

"ಖುಷಿ ಪಡಬಹುದು. ಆದ್ರೆ ಆ ಖುಷಿಯಿಂದ ಒಳ್ಳೇದಾಗಬಾರದು."

ಉಳಿದದ್ದು ನಾರ್ಬರ್ಟ್. ಅವನನ್ನು ಕೋಣೆಗೆ ಸಾಗಿಸೋಣವೆಂದರೆ ಅವನು ಗಾಲಿಕುರ್ಚಿಯಲ್ಲಿ ಕೂತು ಊಟದ ಮೇಜಿನ ಕಾಲನ್ನು ಅಪ್ಪಿ ಹಿಡಿದುಬಿಟ್ಟ. ಮೇಜು ಬಂದರೆ ತಾನೂ ಬರುತ್ತೇನೆ ಎಂಬಂತೆ. ವರ್ಲಿನ್ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಣ್ಣ, ಒಂದೇ ಒಂದು ಗಂಟೆ ಬಾಯಿ ಮುಚ್ಕೊಂಡಿರು. ಏನು ನುಡಿಸಿದ್ರೂ ಹಾಡಬೇಡ. ಹಾಡಿದ್ಯೋ, ಇನ್ನು ಗುರುವಾರ ನಾನು ಬರೋ ಹಾಗಿಲ್ಲ. ನಿಂಗೆ ಮಾತೂ ಇಲ್ಲ, ನಂಗೆ ಬೈಗುಳವೂ ಇಲ್ಲ. ತಿಳೀತಾ?"

ನಾರ್ಬರ್ಟ್ ಮೇಜಿನ ಕಾಲು ಬಿಟ್ಟ. ಬಳಿಕ ತಲೆಯಾಡಿಸಿದ.

ಗುರುವಾರ ಡೆನೀಸ್ ಬಂದಳು. ಕೈಯಲ್ಲಿ ಪ್ರಶ್ನಾವಳಿ, ಕಾಲಲ್ಲಿ ಆ ಊರಿನ ಹಿಮಕ್ಕೆ ಒಗ್ಗದ ಚಪ್ಪಟೆ ಬೂಟು. ಮೂಲೆಯ ಕುರ್ಚಿಯಲ್ಲಿ ಕೂತು, "ನೀವು ಯಾವಾಗಲೂ ನುಡಿಸೋ ಹಾಗೇ ನುಡಿಸಿ," ಎಂದಳು.

ವರ್ಲಿನ್ ಯಾವಾಗಲೂ ನುಡಿಸುವ ಹಾಗೆ ನುಡಿಸಲಿಲ್ಲ. ಆದಷ್ಟೂ ಕೆಟ್ಟದಾಗಿ ನುಡಿಸಿದ. ಕೆಟ್ಟದಾಗಿ ನುಡಿಸುವುದು ಅವನಿಗೆ ಕಷ್ಟವಾಗದೆಂದು ಹೆಂಡತಿ ಹೇಳಿಕಳಿಸಿದ್ದಳು, ಆದರೆ ಬೇಕೆಂದೇ ಕೆಡಿಸುವುದು ಬೇರೆ ವಿದ್ಯೆ. ತಾಳ ತಪ್ಪಿಸಿದ, ಆ ಎರಡು ಸತ್ತ ಮನೆಗಳನ್ನೇ ಹುಡುಕಿ ಹುಡುಕಿ ಒತ್ತಿದ, ಅವನ್ನು ಮುಚ್ಚುವ ಕೆಮ್ಮನ್ನೂ ನಿಲ್ಲಿಸಿದ. ಆದರೂ ಪೋಲ್ಕಾ ಪೋಲ್ಕಾವೇ. ಎರಡನೆಯ ಸುತ್ತಿಗೆ ಆಗ್ನೆಸ್‌ಳ ಹೊದಿಕೆಯ ಕೆಳಗೆ ಏನೋ ಕುಪ್ಪಳಿಸತೊಡಗಿತು. ಲವೋನ್ ಹೋಗಿ ಅವಳ ಕಾಲ ಮೇಲೆಯೇ ಕೂತಳು. ಕೂತವಳು ತಾನೇ ಮೇಲೆ ಕೆಳಗೆ ಆಡತೊಡಗಿದಳು. ನಾರ್ಬರ್ಟ್ ತುಟಿ ಕಚ್ಚಿ, ಮುಖ ಬೀಟಿನ ಬಣ್ಣಕ್ಕೆ ತಿರುಗಿದರೂ ಬಾಯಿ ಬಿಡಲಿಲ್ಲ.

ಬಳಿಕ ಪ್ರಶ್ನೆಗಳು. ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಲಿಂಡ್ವಿಕ್‌ನವರ ಅಜ್ಜಂದಿರು ನಾರ್ವೆಯಿಂದ ಬಂದವರು. ಬರುವಾಗ ಮೀನು ತಿನ್ನುವ ಅಭ್ಯಾಸದ ಜೊತೆಗೆ ಹೊಗಳಿಕೆಯನ್ನು ಬಾಯಿಂದ ಹೊರಗೆ ಬಿಡದ ಅಭ್ಯಾಸವನ್ನೂ ತಂದವರು. ಮದುವೆಯ ದಿನ ಮದುಮಗಳನ್ನು ಕಂಡ ಮದುಮಗ "ಪರವಾಗಿಲ್ಲ" ಎಂದರೆ ಅವನು ಪ್ರೇಮದಲ್ಲಿ ಮುಳುಗಿಹೋಗಿದ್ದಾನೆಂದು ಊರು ನಗುತ್ತದೆ. ಲವೋನ್ ಬುಧವಾರ ಅಷ್ಟು ಗಂಟಲು ಹರಿದುಕೊಂಡಿದ್ದೇ ದಂಡ. ಅವಳು ಹೇಳದೆ ಇದ್ದರೂ ಇವರು ಹೇಳುತ್ತಿದ್ದದ್ದು ಇಷ್ಟೇ.

"ಈ ಸಂಗೀತ ಕೇಳಿದ ಮೇಲೆ ನಿಮಗೆ ಹೇಗನ್ನಿಸುತ್ತೆ?" ಡೆನೀಸ್ ಆಗ್ನೆಸ್‌ಳನ್ನು ಕೇಳಿದಳು.

"ಇದ್ದ ಹಾಗೇ."

"ನೋವು ಕಡಿಮೆ ಆಗುತ್ತಾ?"

"ಜಾಸ್ತಿ ಏನಾಗಲ್ಲ."

"ಮನಸ್ಸಿಗೆ ಉತ್ಸಾಹ?"

ಆಗ್ನೆಸ್ ಕಿಟಕಿಯಾಚೆ ನೋಡಿದಳು. "ಗಾಳಿ ಸ್ವಲ್ಪ ಕಮ್ಮಿಯಾಗಿದೆ."

ಪಕ್ಕದ ಮುದುಕನ ಸರದಿ. "ಇವರು ಬರದಿದ್ದರೆ ನಿಮಗೆ ಬೇಜಾರಾಗುತ್ತಾ?"

"ಕಾಫಿ ಬರುತ್ತಲ್ಲ."

"ಒಟ್ಟಿನಲ್ಲಿ ಇವರ ವಾದನ ಹೇಗೆ?"

ಮುದುಕ ತುಂಬ ಹೊತ್ತು ತೂಗಿ ನೋಡಿ, ಕೊನೆಗೆ ಹೃದಯ ಬಿಚ್ಚಿ, "ಇದಕ್ಕಿಂತ ಕೆಟ್ಟದ್ದು ಕೇಳಿದೀನಿ," ಎಂದ. ಹನ್ನೊಂದು ಜನರನ್ನು ಕೇಳಿ ಮುಗಿಸುವಷ್ಟರಲ್ಲಿ ಡೆನೀಸ್‌ಗೆ ವರ್ಲಿನ್ ಮೇಲೆ ಕನಿಕರ ಬಂದಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ನಿರಪಾಯ ಮನುಷ್ಯನನ್ನು ಅವಳು ಕಂಡಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿದಳು:

"ವರ್ಲಿನ್ ಹಾಗ್ಡಾಲ್ ಎಂಬುವರ ವಾದನದಿಂದ ಈ ಮನೆಯ ಯಾರೊಬ್ಬರಿಗೂ ಯಾವ ವಿಧದ ಉಪಯೋಗವೂ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ. ಆದ್ದರಿಂದ ಇವರು ನುಡಿಸುವುದನ್ನು ಮುಂದುವರಿಸಬಹುದು. ಕಾರ್ಡು ಮಾತ್ರ ಹರಿಯತಕ್ಕದ್ದು. ಇದಕ್ಕೆ ನನ್ನ ಒಪ್ಪಿಗೆಯಿದೆ, ಅಂತ ಇಲ್ಲಿ ಸಹಿ ಹಾಕಿ ಸ್ವಾಮಿ."

ಲವೋನ್ ಉಸಿರು ಬಿಟ್ಟಳು. ವರ್ಲಿನ್ ಪೆನ್ನು ಹಿಡಿದ. ಗೆದ್ದಿದ್ದ, ನಿಜ, ಆದರೆ ಕಿವಿ ಎರಡೂ ಕೆಂಪಾಗಿದ್ದವು. ಯಾರೊಬ್ಬರಿಗೂ ಉಪಯೋಗವಿಲ್ಲ ಎಂದು ಸರ್ಕಾರ ಬರೆದದ್ದನ್ನು ಹನ್ನೊಂದು ಜನರ ಮುಂದೆ ಒಪ್ಪಿಕೊಳ್ಳುವುದು ಯಾವ ಗಂಡಸಿಗೂ ಸುಲಭವಲ್ಲ. ಕೈ ಕಾಗದದ ಮೇಲೆ ನಿಂತೇ ಇತ್ತು.

ಆಗ ಹಿಂದಿನಿಂದ ಒಂದು ದನಿ ಎದ್ದಿತು. ಅಕಾರ್ಡಿಯನ್ ಪೆಟ್ಟಿಗೆಯೊಳಗಿತ್ತು, ಯಾರೂ ನುಡಿಸುತ್ತಿರಲಿಲ್ಲ. ಅಪ್ಪನ ಆ ವಾಲ್ಟ್ಜನ್ನು ನಾರ್ಬರ್ಟ್ ತಾನಾಗಿಯೇ ಎತ್ತಿಕೊಂಡಿದ್ದ. ಒಡೆದ ದನಿ, ಆದರೆ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

"ಹಾಕಬೇಡ, ಹಾಕಬೇಡ, ಸುಳ್ಳಿಗೆ ಸಹಿ ಹಾಕಬೇಡ... ನನ್ನ ತಮ್ಮ ಚೆನ್ನಾಗಿ ನುಡಿಸ್ತಾನೆ... ಅವನು ಬಂದ ದಿನ ನಾನು ಮನುಷ್ಯ ಆಗ್ತೀನಿ..."

ಕೋಣೆ ಬೆಚ್ಚಿಬಿತ್ತು. ಕಾನೂನಿಗೆ ಹೆದರಿ ಅಲ್ಲ. ಒಬ್ಬ ಹಾಗ್ಡಾಲ್ ಇನ್ನೊಬ್ಬ ಹಾಗ್ಡಾಲ್‌ನನ್ನು ಹಗಲು ಹೊತ್ತಿನಲ್ಲಿ, ಹೊರಗಿನವರ ಎದುರಿಗೆ, ಬಾಯಿಬಿಟ್ಟು ಹೊಗಳಿದ್ದು! ಆಗ್ನೆಸ್ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಮುದುಕ ಕಾಫಿ ಬಟ್ಟಲೊಳಗೆ ನೋಡತೊಡಗಿದ. ವರ್ಲಿನ್‌ಗೆ ಅರವತ್ತೆಂಟು ವರ್ಷ. ಅಣ್ಣನ ಬಾಯಲ್ಲಿ "ಚೆನ್ನಾಗಿ" ಎಂಬ ಮಾತು ತನ್ನ ಹೆಸರಿನ ಹತ್ತಿರ ಸುಳಿದದ್ದನ್ನು ಅವನು ಅದೇ ಮೊದಲು ಕೇಳಿದ್ದು. ಕಣ್ಣು ತುಂಬಿತು. "ಧೂಳು," ಎಂದ ಲವೋನ್ ಕಡೆ ತಿರುಗಿ. ಹೊರಗೆ ಎರಡಡಿ ಹಿಮ ಬಿದ್ದಿತ್ತು.

ಪೆನ್ನು ಕೆಳಗಿಟ್ಟ. "ನಾನು ಸಹಿ ಹಾಕಲ್ಲ."

"ಅಯ್ಯೋ, ಹಾಕಿಬಿಡಿ ವರ್ಲಿನ್!" ಲವೋನ್ ಅಂಗಲಾಚಿದಳು.

"ಅಣ್ಣ ಇಷ್ಟು ಹೇಳಿದ ಮೇಲೆ ಉಪಯೋಗವಿಲ್ಲ ಅಂತ ನಾನು ಹೇಗಮ್ಮ ಹಾಕಲಿ?"

ಡೆನೀಸ್ ಎದ್ದು ನಾರ್ಬರ್ಟ್ ಹತ್ತಿರ ಬಂದಳು. "ನಿಮಗೆ ಮಾತು ನಿಂತು ಎಷ್ಟು ದಿನ ಆಯ್ತು?" ಅವನು ಬಾಯಿ ತೆರೆದ, ಬರೀ ಗಾಳಿ ಬಂತು. ವರ್ಲಿನ್ ಪೆಟ್ಟಿಗೆ ತೆರೆದು, ಅಕಾರ್ಡಿಯನ್ನಿನಿಂದ ಎರಡೇ ಸ್ವರ ಎಳೆದ. "ಎರಡು ವರ್ಷ, ಮೂರು ತಿಂಗಳು," ಎಂದು ಅಣ್ಣ ಹಾಡಿದ.

ಅವಳು ಬರೆದಿದ್ದ ಹಾಳೆಯನ್ನು ತಾನೇ ಹರಿದಳು. "ಇದು ಚಿಕಿತ್ಸೆ. ಅನುಮಾನವೇ ಇಲ್ಲ. ಅದಕ್ಕೇ ಹೇಳ್ತೀನಿ, ನೀವು ನಿಲ್ಲಿಸಬೇಕು. ಕೋಪ ಮಾಡ್ಕೋಬೇಡಿ ಸ್ವಾಮಿ. ಇಂಥ ತಲೆಯೊಳಗೆ ಏನು ಮಾಡ್ತಿದೀವಿ ಅಂತ ತಿಳಿದವರು ಇದನ್ನ ಮಾಡಬೇಕು. ನಿಮಗೆ ತಿಳಿದಿದೆಯಾ?"

"ಇಲ್ಲ," ಎಂದ ವರ್ಲಿನ್, ಪ್ರಾಮಾಣಿಕವಾಗಿ.

ಎರಡು ಗುರುವಾರ ಅವನು ಹೋಗಲಿಲ್ಲ. ನಾರ್ಬರ್ಟ್ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟದ ತಟ್ಟೆ ಇಟ್ಟ ಹಾಗೆಯೇ ವಾಪಸು ಬರುತ್ತಿತ್ತು. ವರ್ಲಿನ್ ಮನೆಯಲ್ಲಿ ಗಡಿಯಾರ ನೋಡುತ್ತ, ಎರಡು ಗಂಟೆಯಾದ ಕೂಡಲೇ ಅಡುಗೆಮನೆಗೂ ಹಜಾರಕ್ಕೂ ತಿರುಗತೊಡಗುತ್ತಿದ್ದ. "ಕೂತ್ಕೊ ಮಾರಾಯ, ನೆಲ ಸವೆದು ಹೋಗ್ತದೆ," ಎಂದಳು ಆರ್ಡಿಸ್. ಅವನು ಅವಳ ಕಡೆ ತಿರುಗಿ, "ನನ್ನ ಕೊಬ್ಬಿಗೆ ಅವನು ಉಪವಾಸ ಬಿದ್ದಿದಾನಲ್ಲೇ," ಎಂದ.

ಮೂರನೆಯ ವಾರ ಡೆನೀಸ್‌ಳಿಂದಲೇ ಫೋನ್ ಬಂತು. ನಿಯಮದ ಪುಸ್ತಕವನ್ನು ಅವಳು ಮುಂದಿನಿಂದಲೂ ಹಿಂದಿನಿಂದಲೂ ಓದಿ ಒಂದು ದಾರಿ ತೆಗೆದಿದ್ದಳು. ಲೈಸೆನ್ಸ್ ಇದ್ದ ಬ್ರೆನ್ನಾ ಎಂಬ ಹುಡುಗಿ ಇನ್ನೂರು ಮೈಲಿ ಆಚೆಯ ಪಟ್ಟಣದಲ್ಲಿದ್ದಳು. ಗುರುವಾರ ಗುರುವಾರ ಬಂದು ನಾರ್ಬರ್ಟ್‌ನನ್ನು ನೋಡಲು ಒಪ್ಪಿದಳು.

ಬ್ರೆನ್ನಾ ಗಿಟಾರ್ ತಂದಳು. ನಾರ್ಬರ್ಟ್ ಗೋಡೆಯಿಂದ ಮುಖ ತಿರುಗಿಸಲೇ ಇಲ್ಲ. ಪಿಯಾನೊ ನುಡಿಸಿದಳು, ಅವನು ಹೊದಿಕೆ ಹೊದ್ದುಕೊಂಡ. ಕೊನೆಗೆ ಬಾಗಿಲ ಹೊರಗೆ ಟೋಪಿ ಹಿಡಿದು ನಿಂತಿದ್ದ ವರ್ಲಿನ್‌ನನ್ನು ಒಳಗೆ ಕರೆದಳು. "ಇವರಿಗೆ ಆ ಅಕಾರ್ಡಿಯನ್ನೇ ಬೇಕು. ಅದೂ ನೀವು ತಪ್ಪು ನುಡಿಸಬೇಕು, ತಿದ್ದೋಕೆ ಇವರಿಗೆ ಬಾಯಿ ಬರೋದೇ ಆಗ."

"ನನ್ನ ಹತ್ತಿರ ಲೈಸೆನ್ಸ್ ಇಲ್ಲವಲ್ಲ."

"ಉಪಕರಣಕ್ಕೆ ಲೈಸೆನ್ಸ್ ಬೇಡ," ಎಂದು ಬ್ರೆನ್ನಾ ನಮೂನೆ ತುಂಬಿಸಿದಳು. ಉಪಕರಣ: ಅಕಾರ್ಡಿಯನ್, ಒಂದು. ಬಿಡಿಭಾಗ: ವರ್ಲಿನ್, ಒಂದು. ಸ್ಥಿತಿ: ಹಳೆಯದು, ಕೆಲಸ ಮಾಡುತ್ತದೆ. ಈ ಸಲ ವರ್ಲಿನ್ ಕೂಡಲೇ ಕೆಳಗೆ ಸಹಿ ಹಾಕಿದ. ಆರ್ಡಿಸ್ ಆ ಹಾಳೆಯ ಪ್ರತಿಯನ್ನು ಎರಡು ಸಲ ಓದಿ, "ಸರ್ಕಾರದವರಿಗೆ ಇಷ್ಟು ಬುದ್ಧಿ ಇದೆ ಅಂತ ನಂಗೆ ಗೊತ್ತಿರಲಿಲ್ಲ," ಎಂದಳು.

ಹುಡುಗಿಗೆ ವಿದ್ಯೆ ಇತ್ತು, ಅದನ್ನು ಒಪ್ಪಲೇಬೇಕು. ವರ್ಲಿನ್ ತಾನು ಬರೀ ನುಡಿಸುತ್ತಿದ್ದೆ ಎಂದು ಆಗ ಕಂಡುಕೊಂಡ. ಅವಳು ನಾರ್ಬರ್ಟ್‌ನ ಎಡಗೈಯಲ್ಲಿ ತಾಳ ತಟ್ಟಿಸುತ್ತ ಒಂದೊಂದು ವಾಕ್ಯವನ್ನು ಹಾಡಿಸುವಳು. ಬಳಿಕ ಧಾಟಿಯನ್ನು ಸ್ವಲ್ಪ ಸ್ವಲ್ಪವೇ ಸವೆಸುವಳು. ವರ್ಲಿನ್‌ಗೆ ಸನ್ನೆ ಮಾಡಿದರೆ ಅವನು ಮೆಲ್ಲಗೆ ನುಡಿಸಬೇಕು, ಇನ್ನೂ ಮೆಲ್ಲಗೆ, ಇನ್ನೂ. ಚಳಿಗಾಲ ಪೂರ್ತಿ ಹೀಗೇ ನಡೆಯಿತು.

ಹಿಮ ಕರಗಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವ ಹೊತ್ತಿಗೆ, ಒಂದು ಗುರುವಾರ, ಬ್ರೆನ್ನಾ ಕೈಯೆತ್ತಿ ಅಕಾರ್ಡಿಯನ್ನನ್ನು ಪೂರ್ತಿ ನಿಲ್ಲಿಸಿದಳು. ನಾರ್ಬರ್ಟ್ ತೊಡೆಯ ಮೇಲೆ ತಟ್ಟಿಕೊಳ್ಳುತ್ತ ತುಟಿ ಆಡಿಸಿದ, ಮತ್ತೆ ಆಡಿಸಿದ. ತಮ್ಮನ ಕಡೆ ತಿರುಗಿ, ಯಾವ ರಾಗವೂ ಇಲ್ಲದ ಒರಟು ದನಿಯಲ್ಲಿ, ಒಂದೊಂದೇ ಮಾತು ಕಿತ್ತು ತೆಗೆದು ಕೇಳಿದ:

"ಗುರುವಾರ... ಮಾತ್ರ... ಯಾಕೋ... ಬರ್ತೀಯ?"

ವರ್ಲಿನ್ ಬಾಯಿ ತೆರೆದ. ಈ ಸಲ ಅವನಿಗೇ ಮಾತು ಹೊರಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೇ ಅವನು ಆರೈಕೆ ಮನೆಯ ಬಾಗಿಲಲ್ಲಿದ್ದ. ಕೈಯಲ್ಲಿ ಅಕಾರ್ಡಿಯನ್ ಇರಲಿಲ್ಲ. ಒಂದು ಲೈಸೆನ್ಸಿನ ರಗಳೆ ಅನುಭವಿಸಿದ ಮೇಲೆ ಲವೋನ್ ಬಲು ಹುಷಾರಾಗಿದ್ದಳು. ಬಂದವರ ಪುಸ್ತಕವನ್ನು ಬಿಡಿಸಿ, ಪೆನ್ನು ಹಿಡಿದು ಕೂತಳು.

"ಇವತ್ತು ಶುಕ್ರವಾರ. ಬ್ರೆನ್ನಾ ಇಲ್ಲ, ವಾದ್ಯ ಇಲ್ಲ. ಬಿಡಿಭಾಗ ಅಂತ ಬರೆಯೋ ಹಾಗಿಲ್ಲ. ಚಿಕಿತ್ಸಕ ಅಂತ ಬರೆದ್ರೆ ನನ್ನ ತಲೆ ಹೋಗ್ತದೆ. ಏನಂತ ಬರೀಲಿ?"

ವರ್ಲಿನ್ ಟೋಪಿ ತೆಗೆದ.

"ತಮ್ಮ ಅಂತ ಬರಿ."